ಮೂರು ಕೊಂಬೆಗಳ ಪಾಠ

ನಮ್ಮ ಕಚೇರಿಯ ಮೇಜಿನ ಮೇಲೆ ಒಂದು ಕಲ್ಲುಮರಿಗೆಯೂ, ಅದರಲ್ಲಿ ಬಾಗಿದ ಒಂದು ಕೊಂಬೆಯೂ, ಕೊಂಬೆಯ ಬುಡದಲ್ಲಿ ಎರಡೋ ಮೂರೋ ಹೂಗಳೂ ಇರುವುದನ್ನು ನಮ್ಮನ್ನು ಕಾಣಬಂದ ಪೋಷಕರೆಲ್ಲರೂ ನೋಡಿದ್ದಾರೆ. ಕೆಲವರು ನೋಡಿ ಸುಮ್ಮನಾಗುತ್ತಾರೆ. ಕೆಲವರು, ಈ ದಿನ ಹೂವಾಡಗಿತ್ತಿಯು ಬರಲಿಲ್ಲವೇನೋ ಎಂದು ಮರುಕಪಡುತ್ತಾರೆ. ಒಬ್ಬ ತಂದೆಯವರಂತೂ ಮರುದಿನವೇ ತಮ್ಮ ಮಗಳ ಕೈಯಲ್ಲಿ ಒಂದು ಬುಟ್ಟಿ ಸೇವಂತಿಗೆಯನ್ನು ಕಳುಹಿಸಿಕೊಟ್ಟರು! ಅವರ ಔದಾರ್ಯಕ್ಕೆ ನಾವು ಇಂದಿಗೂ ಕೃತಜ್ಞರು. ಆದರೆ ಆ ಮರಿಗೆಯಲ್ಲಿ ಹೂ ಕಡಿಮೆಯಾಗಿರುವುದು ಹೂವಿನ ಅಭಾವದಿಂದಲ್ಲ. ಅದು ಇಕೆಬಾನ ಎಂಬ ಜಪಾನ್ ದೇಶದ ಪುಷ್ಪವಿನ್ಯಾಸಕಲೆ. ಮನೆಯಲ್ಲಿದ್ದುಕೊಂಡೇ ಕಲಿಯತಕ್ಕ ಪಾಠವೊಂದನ್ನು ಬರೆದುಕೊಡಬೇಕೆಂದು ಸ್ಮರಣಸಂಚಿಕೆಯ ಸಂಪಾದಕಿಯರು ಕೇಳಿದುದರಿಂದ ಆ ಮರಿಗೆಯ ವಿಷಯವನ್ನೇ ಎತ್ತಿಕೊಂಡಿದ್ದೇವೆ. ನಮ್ಮ ವಿದ್ಯಾರ್ಥಿನಿಯರು ಬರತಕ್ಕ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ದೊರೆಯುವ ಹೂಕೊಂಬೆಗಳಿಂದ ಇದನ್ನು ಮಾಡುವ ಬಗೆಯನ್ನೂ, ಇದನ್ನು ಕಲಿಸಹೋಗಿ ನಾವೇ ಕಲಿತ ಒಂದು ಸಂಗತಿಯನ್ನೂ ಇಲ್ಲಿ ಬರೆಯುತ್ತೇವೆ.

ಜಪಾನೀ ಭಾಷೆಯಲ್ಲಿ 'ಹನ' ಎಂದರೆ ಹೂ. 'ಇಕೆರು' ಎಂದರೆ ಜೀವವಿರುವಂತೆ ಇಡುವುದು. ಎರಡೂ ಕೂಡಿ ಇಕೆಬಾನ ಎಂಬ ಹೆಸರಾಯಿತು. ಬುದ್ಧನ ಮುಂದೆ ಹೂವನ್ನು ಅರ್ಪಿಸುವ ಪದ್ಧತಿಯಿಂದ ಈ ಕಲೆಯು ಬೆಳೆಯಿತು. ಕ್ಯೋಟೋ ನಗರದ ರೊಕ್ಕಾಕುದೋ ದೇವಾಲಯದ ಇಕೆನೊಬೊ ಸೆಂಕೆಯ್ ಎಂಬ ಅರ್ಚಕನು ಹೂಗಳನ್ನು ಜೋಡಿಸಿದುದನ್ನು ನೋಡಲು ಜನರು ನೆರೆದರೆಂದು 1462ರ ಒಂದು ದಿನಚರಿಯಲ್ಲಿ ಬರೆದಿದೆ. ಬಹು ಕಾಲದವರೆಗೆ ಇದು ಹೆಚ್ಚಾಗಿ ಸಂನ್ಯಾಸಿಗಳೂ ಯೋಧರೂ ಶ್ರೀಮಂತರೂ ಆದ ಗಂಡಸರ ವಿದ್ಯೆಯಾಗಿತ್ತೆಂಬುದನ್ನು ಕೇಳಿದರೆ ನಮ್ಮ ಹುಡುಗಿಯರಿಗೆ ಆಶ್ಚರ್ಯವಾಗುತ್ತದೆ. ಮೇಜಿ ಚಕ್ರವರ್ತಿಯ ಕಾಲದಲ್ಲಿ, ಎಂದರೆ 1868ರಿಂದ 1912ರವರೆಗಿನ ಅವಧಿಯಲ್ಲಿ, ಬಾಲಿಕೆಯರ ಶಾಲೆಗಳಲ್ಲಿ ಇದನ್ನು ಪಾಠವಾಗಿ ಇಟ್ಟ ಬಳಿಕವೇ ಹೆಂಗಸರ ಕೈಗೆ ಧಾರಾಳವಾಗಿ ಬಂದಿತು. ಆ ಶತಮಾನದ ಕೊನೆಯಲ್ಲಿ ಒಹಾರ ಉನ್‌ಷಿನ್ ಎಂಬವರು ಎತ್ತರದ ಹೂದಾನಿಯನ್ನು ಬಿಟ್ಟು, ಆಳವಿಲ್ಲದ ಅಗಲವಾದ ಬೋಗುಣಿಯಲ್ಲಿ ಹೂಗಳನ್ನು ನಿಲ್ಲಿಸುವ 'ಮೊರಿಬಾನ' ಎಂಬ ಕ್ರಮವನ್ನು ತಂದರು. 1927ರಲ್ಲಿ ತೆಷಿಗಹಾರ ಸೋಫು ಎಂಬವರು ಸೊಗೆತ್ಸು ಪಂಥವನ್ನು ಸ್ಥಾಪಿಸಿ, ಯಾರೇ ಆಗಲಿ, ಎಲ್ಲಿಯೇ ಆಗಲಿ, ದೊರೆತ ಯಾವ ವಸ್ತುವಿನಿಂದಲೇ ಆಗಲಿ ಇದನ್ನು ಮಾಡಬಹುದೆಂದು ಸಾರಿದರು. ಈ ಕೊನೆಯ ಮಾತನ್ನು ನಾವು ಓದಿದ್ದೆವು, ಆದರೆ ಗ್ರಹಿಸಿರಲಿಲ್ಲ. ಹೇಗೆಂಬುದನ್ನು ಮುಂದೆ ಹೇಳುತ್ತೇವೆ.

ನಾವು ಇದನ್ನು ಮೊದಲು ಕಂಡದ್ದು ಬೆಂಗಳೂರಿನಲ್ಲಿ, ಅಧ್ಯಾಪಕ ತರಬೇತಿಯಲ್ಲಿದ್ದಾಗ. ಲಾಲ್‌ಬಾಗಿನಲ್ಲಿ ವರುಷಕ್ಕೆ ಎರಡಾವರ್ತಿ, ಗಣರಾಜ್ಯದಿನ ಮತ್ತು ಸ್ವಾತಂತ್ರ್ಯದಿನಗಳ ಸುಮಾರಿಗೆ, ಫಲಪುಷ್ಪ ಪ್ರದರ್ಶನವು ನಡೆಯುವುದನ್ನು ಎಲ್ಲರೂ ಬಲ್ಲರು. 1889ರಲ್ಲಿ ಅಸ್ತಿಭಾರ ಹಾಕಿದ ಗಾಜಿನಮನೆಯೊಳಗೆ ಜನಜಂಗುಳಿಯು ಹೂವಿನ ಗೋಪುರಗಳನ್ನು ನೋಡುತ್ತಿರುವಾಗ, ಅದೇ ಪ್ರದರ್ಶನದ ಸ್ಪರ್ಧೆಗಳಲ್ಲಿ ಇಕೆಬಾನವೂ ಒಂದಾಗಿರುತ್ತದೆ. ಅಲ್ಲಿ ಸಾಲಾಗಿ ಇಟ್ಟಿದ್ದ ಬೋಗುಣಿಗಳ ಮುಂದೆ ನಾವು ನಿಂತು, ಇಷ್ಟು ದೊಡ್ಡ ಊರಿನಲ್ಲಿ ಇವರಿಗೆ ನಾಲ್ಕು ಹೂ ಹೆಚ್ಚಾಗಿ ಸಿಗಲಿಲ್ಲವೇ ಎಂದು ಗೆಳತಿಯೊಡನೆ ನಕ್ಕೆವು. ಸೇವಂತಿಗೆಯ ಬುಟ್ಟಿಯನ್ನು ಕಳುಹಿಸಿದ ಆ ತಂದೆಯವರನ್ನು ಕುರಿತು ನಗಲು ನಮಗೆ ಅಧಿಕಾರವಿಲ್ಲ.

ನಮ್ಮ ನಾಡಿನ ಕಣ್ಣಿಗೆ ಇದು ಕೊರತೆಯಾಗಿ ಕಾಣುವುದಕ್ಕೆ ಕಾರಣವುಂಟು. ನಾವು ಹೂವನ್ನು ಗಿಡದಿಂದ ಬಿಡಿಸುವಾಗ ತೊಟ್ಟನ್ನೂ ಎಲೆಯನ್ನೂ ಅಲ್ಲಿಯೇ ಬಿಟ್ಟು ಹೂವನ್ನು ಮಾತ್ರ ತರುತ್ತೇವೆ. ಕಟ್ಟಿ, ಪೋಣಿಸಿ, ಮೊಳದಿಂದಲೂ ಮಾರಿನಿಂದಲೂ ಅಳೆಯುತ್ತೇವೆ. ತೋರಣವಾಗಲಿ ರಂಗವಲ್ಲಿಯಾಗಲಿ ಎಡಕ್ಕಿದ್ದುದು ಬಲಕ್ಕೂ ಇರಬೇಕು. ಇದು ನಮ್ಮ ಸೊಗಸು. ಇದನ್ನು ಬಿಡಬೇಕೆಂದು ನಾವು ಹೇಳತಕ್ಕವರಲ್ಲ. ಇಕೆಬಾನದಲ್ಲಿ ಹೂವಿಗಿಂತ ಕೊಂಬೆಗೆ ಹಿರಿತನ, ಸಮಕ್ಕಿಂತ ವಿಷಮಕ್ಕೆ ಮನ್ನಣೆ, ತುಂಬಿದ ಸ್ಥಳದಷ್ಟೇ ಬರಿದಾದ ಸ್ಥಳಕ್ಕೂ ಬೆಲೆ. ತರಗತಿಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಿ ಬೆನ್ನು ತಿರುಗಿಸಿದೊಡನೆ, ಒಬ್ಬಳಾದರೂ ಹುಡುಗಿಯು ಆ ಬರಿದಾದ ಕಡೆಯಲ್ಲಿ ಗುಟ್ಟಾಗಿ ಒಂದು ಚೆಂಡುಹೂವನ್ನು ಸಿಕ್ಕಿಸಿಯೇ ಇರುತ್ತಾಳೆ.

ಇನ್ನು ನಮ್ಮ ತಪ್ಪಿನ ಸಂಗತಿ. ಹಲವು ವರುಷಗಳ ಕೆಳಗೆ, ಒಂಬತ್ತನೆಯ ತರಗತಿಗೆ ಈ ಪಾಠವನ್ನು ಮೊದಲ ಸಲ ಹೇಳಲು ತೊಡಗಿದಾಗ, ಶುಕ್ರವಾರ ಸಂಜೆ ಹಲಗೆಯ ಮೇಲೆ, "ಸೋಮವಾರ ಬರುವಾಗ ನಿಮ್ಮ ಮನೆಯ ತೋಟದಿಂದ ಹೂಗಳನ್ನು ತರತಕ್ಕದ್ದು" ಎಂದು ಬರೆದೆವು. ಸೋಮವಾರ ತರಗತಿಯು ಮದುವೆಯ ಮನೆಯಂತಾಯಿತು. ಚನ್ನಗಿರಿಯ ಕಡೆಯವರು ಚೀಲಗಟ್ಟಲೆ ದಾಸವಾಳವನ್ನೂ ಹೊಂಬಾಳೆಯನ್ನೂ ತಂದಿದ್ದರು. ಜಗಳೂರಿನ ಕಡೆಯ ಒಂದು ಹಳ್ಳಿಯ ಹುಡುಗಿಯೊಬ್ಬಳು ಮಾತ್ರ ಆ ದಿನ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಬುಧವಾರ ಬಂದಾಗ ಜ್ವರವೆಂದಳು. ಪಾಠವನ್ನು ಎಂದೂ ತಪ್ಪಿಸಿಕೊಳ್ಳದ ಹುಡುಗಿಯಾದುದರಿಂದ ನಾವು ನಂಬಿದೆವು. ಎರಡು ದಿನಗಳ ಮೇಲೆ ವಿದ್ಯಾರ್ಥಿನಿಲಯದ ಮೇಟ್ರನ್ ಅಮ್ಮನವರಿಂದ ನಿಜವು ತಿಳಿದುಬಂತು. ಆ ಊರಿನಲ್ಲಿ ಎರಡು ವರುಷಗಳಿಂದ ಮಳೆ ಸರಿಯಾಗಿ ಆಗಿರಲಿಲ್ಲ. ಟ್ಯಾಂಕರಿನ ನೀರು ಕೊಡಗಳಿಗೂ ದನಗಳಿಗೂ ಸಾಲದೆ ಹೋಗಿ, ಬಚ್ಚಲ ನೀರಿನಲ್ಲಿ ಅಜ್ಜಿಯು ಬೆಳೆಸಿದ್ದ ಮಲ್ಲಿಗೆಯ ಗಿಡವೂ ಒಣಗಿತ್ತು. ನಾವು ಅವಳನ್ನು ಕರೆದು ಕೇಳಿದಾಗ ಅವಳು ತಲೆಯೆತ್ತದೆ, "ನಮ್ಮ ಮನೆಗೆ ತೋಟ ಇಲ್ಲ ಟೀಚರ್, ಜಾಲಿ ಬೇಲಿ ಮಾತ್ರ ಇದೆ" ಎಂದಳು.

ನಾವು ಹಲಗೆಯ ಮೇಲೆ ಬರೆದ ಆ ಒಂದು ಮಾತು, ಮನೆಯಲ್ಲಿ ತೋಟವಿರುವವರನ್ನೂ ಇಲ್ಲದವರನ್ನೂ ತರಗತಿಯಲ್ಲಿ ಎರಡು ಸಾಲಾಗಿ ನಿಲ್ಲಿಸಿತ್ತು. ಆ ಮೇಲೆ ಎಷ್ಟು ಒರಸಿದರೇನು! ಕ್ಷಮೆಯನ್ನು ಕೇಳಿದೆವು, ಬಳಿಕ, "ಹಾಗಾದರೆ ಮುಂದಿನ ವಾರ ಆ ಬೇಲಿಯನ್ನೇ ತೆಗೆದುಕೊಂಡು ಬಾ ಮಗೂ" ಎಂದೆವು. ಸಮಾಧಾನಕ್ಕಾಗಿ ಆಡಿದ ಮಾತೆಂದು ಅವಳು ತಿಳಿದಿದ್ದರೂ, ಮುಂದಿನ ಸೋಮವಾರ ಬಳ್ಳಾರಿ ಜಾಲಿಯ ಒಂದು ಕೊಂಬೆಯನ್ನು ಮುಳ್ಳುಸಮೇತ ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ತಂದಳು. ಬಸ್ಸಿಗೆ ಕಾಯುತ್ತಿದ್ದಾಗ ರಸ್ತೆಯ ಬದಿಯಲ್ಲಿ ಕಂಡ ತಂಗಡಿಯ ಹಳದಿ ಹೂವಿನ ಮೂರು ಕುಡಿಗಳನ್ನೂ ಕಿತ್ತು ತಂದಿದ್ದಳು. ಜಾಲಿಯ ಕೊಂಬೆಯು ಗಂಟುಗಂಟಿಗೂ ಒಂದು ಸಲ ಆ ಕಡೆಗೂ ಒಂದು ಸಲ ಈ ಕಡೆಗೂ ತಿರುಗಿ ಬೆಳೆದಿರುತ್ತದೆ. ಅವಳು ಅದನ್ನು ಓರೆಯಾಗಿ ನಿಲ್ಲಿಸಿ, ಬುಡದಲ್ಲಿ ತಂಗಡಿಯನ್ನು ಗಿಡ್ಡವಾಗಿ ಇಟ್ಟಳು. ಉಳಿದ ಬೋಗುಣಿಗಳಲ್ಲಿ ಹೂ ತುಂಬಿತ್ತು. ಅವಳದೊಂದರಲ್ಲಿ ಗಾಳಿಯೂ ಬಿಸಿಲೂ ಒಂದು ಊರೂ ಇದ್ದುವು. ಚನ್ನಗಿರಿಯ ಹುಡುಗಿಯರು ಅದರ ಸುತ್ತ ನಿಂತು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ನಾವು ಆ ದಿನ ಯಾರಿಗೂ ಅಂಕಗಳನ್ನು ಕೊಡಲಿಲ್ಲ.

ಅಂದಿನಿಂದ ನಮ್ಮ ಶಾಲೆಯಲ್ಲಿ 'ಮನೆಯ ತೋಟ' ಎಂಬುದಕ್ಕೆ ಬದಲಾಗಿ 'ಮನೆಯ ಸುತ್ತಮುತ್ತ' ಎಂದು ಹೇಳುವುದು ವಾಡಿಕೆಯಾಗಿದೆ. ಸುತ್ತಮುತ್ತ ನೋಡಿದರೆ ಯಾವ ತಾಲ್ಲೂಕೂ ಬಡದಾಗಿಲ್ಲ. ಭದ್ರಾ ನಾಲೆಯ ನೀರು ಹರಿಯುವ ಚನ್ನಗಿರಿಯ ಸೀಮೆಯಲ್ಲಿ ಅಡಿಕೆಯ ಮರಗಳು ಬೇಕಾದಷ್ಟು. ಹೊಂಬಾಳೆಯನ್ನು ಇದಕ್ಕೋಸ್ಕರ ಕಡಿಯಬಾರದು. ಕಡಿದರೆ ಫಸಲು ಹೋಗುವುದಲ್ಲದೆ ತೋಟದ ಯಜಮಾನರು ನಮ್ಮ ಮೇಲೆ ದೂರು ತರುವರು. ತಾನಾಗಿ ಕಳಚಿ ಬಿದ್ದ ಹಾಳೆಯೂ, ಕಾಯಿಗಳನ್ನು ಕಿತ್ತುಕೊಂಡ ಮೇಲೆ ಉಳಿಯುವ ಗೊನೆಯ ಒಣ ಕವಲುಗಳೂ ಸಾಕು. ಹಾಳೆಯ ದೋಣಿಯಂಥ ಆಕಾರವನ್ನು ಯಾವ ಕುಂಬಾರನೂ ಸುಲಭವಾಗಿ ಮಾಡಲಾರನು. ಆದರೆ ಅದು ಬಹಳ ಹೊತ್ತು ನೀರನ್ನು ತಾಳದಾದುದರಿಂದ ಒಳಗೆ ಒಂದು ಚಿಕ್ಕ ಬಟ್ಟಲನ್ನು ಮರೆಯಾಗಿ ಇಡಬೇಕು. ಹೊನ್ನಾಳಿಯವರಿಗೆ ತುಂಗಭದ್ರೆಯು ನುಣುಪಾದ ಕಲ್ಲುಗಳನ್ನೂ, ಗದ್ದೆಯ ಬದುಗಳು ಜೊಂಡನ್ನೂ ಕೊಡುತ್ತವೆ. ಹೊನ್ನಾಳಿಯಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ನ್ಯಾಮತಿಯ ಗುಡ್ಡಗಳ ಕಡೆಯಲ್ಲಿ ಮಾಘ ಫಾಲ್ಗುಣಗಳಲ್ಲಿ ಮುತ್ತುಗವು ಎಲೆಗಳನ್ನೆಲ್ಲ ಉದುರಿಸಿ ಬರಿಯ ಕೊಂಬೆಯಲ್ಲಿ ಹೂ ಬಿಡುತ್ತದೆ. ಎಲೆಯಿಲ್ಲದ ಕೊಂಬೆಯಲ್ಲಿ ಹೂ ಬಿಡುವ ಉಮೆ ಎಂಬ ಮರವನ್ನು ಜಪಾನೀಯರು ಬಹಳವಾಗಿ ಮೆಚ್ಚುವರು. ನಮ್ಮ ಮುತ್ತುಗವನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ! ಜಗಳೂರಿನಲ್ಲಿ ಜಾಲಿ, ತಂಗಡಿ, ಬೇವುಗಳಲ್ಲದೆ ಬಾಗಿದ ನವಣೆಯ ತೆನೆಯೂ, ನೆಟ್ಟಗಿನ ಸಜ್ಜೆಯ ತೆನೆಯೂ ಇವೆ. ಬೀಜಕ್ಕೆ ಬಿಟ್ಟ ಈರುಳ್ಳಿಯ ಬಿಳಿಯ ಹೂಗುಂಡು ನೋಟಕ್ಕೆ ಬಹು ಚೆಂದ, ವಾಸನೆಯನ್ನು ಸಹಿಸಿಕೊಳ್ಳಬೇಕು. ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದೊಳಗಿಂದ ಮಾತ್ರ ಒಣಗಿದ ಕಡ್ಡಿಯನ್ನು ಕೂಡ ತರಕೂಡದು.

ಈಗ ಕೈಗೆಲಸಕ್ಕೆ ಬರೋಣ. ಸೊಗೆತ್ಸು ಪಂಥದವರು ಮೊದಲು ಕಲಿಸುವ ನೆಟ್ಟಗಿನ ಕ್ರಮವನ್ನೇ ಹೇಳುತ್ತೇವೆ. ಮುಖ್ಯವಾದ ಕೊಂಬೆಗಳು ಮೂರು. ಎಲ್ಲಕ್ಕಿಂತ ಉದ್ದವಾದುದು ಷಿನ್, ನಡುವಣದು ಸೊಯೆ, ಗಿಡ್ಡದು ಹಿಕಾಯೆ. ಬೋಗುಣಿಯ ಅಗಲವನ್ನೂ ಆಳವನ್ನೂ ಕೂಡಿಸಿ, ಬಂದ ಮೊತ್ತದ ಒಂದೂವರೆ ಪಾಲು ಷಿನ್ನಿನ ಉದ್ದ. ಅದರ ಮುಕ್ಕಾಲು ಸೊಯೆ. ಸೊಯೆಯ ಮುಕ್ಕಾಲು ಹಿಕಾಯೆ. ನಿಮ್ಮ ಮನೆಯ ಬೋಗುಣಿಯು 10 ಅಂಗುಲ ಅಗಲ, 2 ಅಂಗುಲ ಆಳವಾಗಿದ್ದರೆ ಮೊತ್ತ 12. ಆದುದರಿಂದ ಷಿನ್ 18 ಅಂಗುಲ, ಸೊಯೆ 13½ ಅಂಗುಲ, ಹಿಕಾಯೆ ಸುಮಾರು 10 ಅಂಗುಲ. ನಿಲ್ಲಿಸುವ ಓರೆಯನ್ನು ತಿಳಿಯುವುದಕ್ಕೆ ಗೋಡೆಯ ಗಡಿಯಾರವನ್ನು ನೆನೆದುಕೊಳ್ಳಿರಿ. ಷಿನ್ನು 12ಕ್ಕೂ 11ಕ್ಕೂ ನಡುವೆ, ಸೊಯೆಯು 11ಕ್ಕೂ 10ಕ್ಕೂ ನಡುವೆ, ಹಿಕಾಯೆಯು ಬಲಗಡೆಯಲ್ಲಿ 2ಕ್ಕೂ 3ಕ್ಕೂ ನಡುವೆ ಇರಬೇಕು. ಎಂದರೆ ನೆಟ್ಟಗಿನ ಗೆರೆಯಿಂದ ಕ್ರಮವಾಗಿ 15, 45, 75 ಡಿಗ್ರಿಗಳು. ಮೂರೂ ನೋಡುವವರ ಕಡೆಗೆ ತುಸು ಬಾಗಿರಬೇಕು. ಇಲ್ಲದಿದ್ದರೆ ಗೋಡೆಗೆ ಅಂಟಿಸಿದ ಚಿತ್ರದಂತಾದೀತು. ಸಾಮಾನ್ಯವಾಗಿ ಷಿನ್ನಿಗೂ ಸೊಯೆಗೂ ಕೊಂಬೆಗಳನ್ನೂ, ಹಿಕಾಯೆಗೆ ಹೂವನ್ನೂ ಆರಿಸಿಕೊಳ್ಳುವುದು. ಬುಡವು ಕಾಣದಂತೆ ಇನ್ನೊಂದೆರಡು ಗಿಡ್ಡ ಹೂಗಳನ್ನೋ ಎಲೆಗಳನ್ನೋ ಸೇರಿಸಬಹುದು. ಅಲ್ಲಿಗೆ ನಿಲ್ಲಿಸಬೇಕು.

ಕೊಂಬೆಯನ್ನು ಆರಿಸುವುದೇ ಇದರಲ್ಲಿ ಕಷ್ಟದ ಭಾಗ, ಉಳಿದುದೆಲ್ಲ ಲೆಕ್ಕ. ಕೊಂಬೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತ ಬಂದರೆ, ಅದು ಬಿಸಿಲಿನ ಕಡೆಗೆ ಮುಖ ಮಾಡಿ ಬೆಳೆದ ಮಗ್ಗುಲು ತಾನಾಗಿ ತೋರುವುದು. ಆ ಮುಖವನ್ನು ಮುಂದಕ್ಕೆ ಮಾಡಿ, ಗೆರೆಗೆ ಅಡ್ಡ ಬರುವ ಕವಲನ್ನೂ ಎಲೆಯನ್ನೂ ಒಂದೊಂದಾಗಿ ತೆಗೆಯಬೇಕು. ಒಂದನ್ನು ತೆಗೆದೊಡನೆ ಕತ್ತರಿಯನ್ನು ಕೆಳಗಿಟ್ಟು ನೋಡಬೇಕು. ಅವಸರದವರು ಇಲ್ಲಿ ಕೆಡುತ್ತಾರೆ, ಏಕೆಂದರೆ ತೆಗೆದುದನ್ನು ಮರಳಿ ಅಂಟಿಸಲಾಗದು. ಹುಳು ತಿಂದ ಎಲೆಯೊಂದು ಉಳಿದಿದ್ದರೆ ಉಳಿಯಲಿ. ಅರಳಿದ ಹೂವಿನ ಪಕ್ಕದಲ್ಲಿ ಮೊಗ್ಗೊಂದಿರಲಿ.

ಕೊಂಬೆಗಳನ್ನು ನಿಲ್ಲಿಸಲು ಜಪಾನೀಯರು ಕೆಂಜಾನ್ ಎಂಬ, ಸೀಸದ ಬಿಲ್ಲೆಯಲ್ಲಿ ಹಿತ್ತಾಳೆಯ ಮೊಳೆಗಳನ್ನು ನಾಟಿದ ಸಾಧನವನ್ನು ಬಳಸುತ್ತಾರೆ. ಈಗ ಅಂಚೆಯ ಮೂಲಕ ತರಿಸಿಕೊಳ್ಳಬಹುದು. ಆದರೆ ಅದಿಲ್ಲವೆಂದು ಕುಳಿತುಕೊಳ್ಳಬೇಕಾಗಿಲ್ಲ. ಗೊನೆ ಕಡಿದ ಮೇಲೆ ಬೀಳಿಸುವ ಬಾಳೆಯ ಕಂಬದಿಂದ 3 ಅಂಗುಲ ದಪ್ಪದ ಬಿಲ್ಲೆಯನ್ನು ಕೊಯ್ದು ಬೋಗುಣಿಯಲ್ಲಿಟ್ಟರೆ ಅದೇ ಕೆಂಜಾನ್. ಗಟ್ಟಿಯಾದ ಕೊಂಬೆಯ ತುದಿಯನ್ನು ಓರೆಯಾಗಿ ಕತ್ತರಿಸಿ ನೇರವಾಗಿ ಚುಚ್ಚಬಹುದು. ಮೆದುವಾದ ಹೂದಂಟಿಗೆ ಮೊದಲು ಕಡ್ಡಿಯಿಂದ ತೂತು ಮಾಡಬೇಕು. ಬಾಳೆಯು ನೀರಿನಲ್ಲಿ ತೇಲುವುದನ್ನು ನಾವು ಮೊದಲ ಸಲ ಮರೆತುಬಿಟ್ಟು, ಅತಿಥಿಗಳ ಮುಂದೆಯೇ ಇಡೀ ವಿನ್ಯಾಸವು ಮಗುಚಿಕೊಂಡಿತು. ಸುತ್ತಲೂ ಹೊಳೆಯ ಕಲ್ಲುಗಳನ್ನು ಒತ್ತಾಗಿ ಇಡಬೇಕು. ಎರಡು ಮೂರು ದಿನಗಳಲ್ಲಿ ಬಿಲ್ಲೆಯು ನಾರುವುದರಿಂದ ಬದಲಾಯಿಸಬೇಕು. ತಂಬಿಗೆಯಲ್ಲಿ ಇಡುವುದಾದರೆ ಸೀಬೆಯ ಕವಲುಕಡ್ಡಿಯೊಂದನ್ನು ಕಂಠದ ಅಳತೆಗೆ ಕತ್ತರಿಸಿ ಒಳಗೆ ಬಿಗಿಯಾಗಿ ಸಿಕ್ಕಿಸಿದರೆ, ಕೊಂಬೆಯು ಆ ಕವಲಿಗೆ ಒರಗಿ ನಿಲ್ಲುತ್ತದೆ. ಪೇಟೆಯಲ್ಲಿ ಮಾರುವ ಹಸುರು ಸ್ಪಂಜಿನಂಥ ಇಟ್ಟಿಗೆಯು ಒಂದು ಬಗೆಯ ಪ್ಲಾಸ್ಟಿಕ್ಕು, ಮಣ್ಣಿನಲ್ಲಿ ಕರಗದು. ಅದನ್ನು ನಾವು ಶಾಲೆಯೊಳಕ್ಕೆ ತರಗೊಡುವುದಿಲ್ಲ.

ಹೂಕೊಂಬೆಗಳನ್ನು ಬೆಳಗಿನ ತಂಪಿನಲ್ಲಿ ಕೊಯ್ಯಬೇಕು. ಮನೆಗೆ ತಂದ ಮೇಲೆ ತುದಿಯನ್ನು ನೀರಿನೊಳಗೆ ಮುಳುಗಿಸಿ, ಅರ್ಧ ಅಂಗುಲದಷ್ಟನ್ನು ನೀರಿನೊಳಗೇ ಮತ್ತೊಮ್ಮೆ ಕತ್ತರಿಸಬೇಕು. ಬಯಲಿನಲ್ಲಿ ಕತ್ತರಿಸಿದಾಗ ದಂಟಿನ ನಾಳಗಳೊಳಗೆ ಗಾಳಿಯು ಸೇರಿ ನೀರು ಮೇಲೇರುವುದನ್ನು ತಡೆಯುತ್ತದೆ. ನೀರಿನೊಳಗೆ ಕತ್ತರಿಸಿದರೆ ಆ ತಡೆಯಿಲ್ಲ. ದಪ್ಪ ಕೊಂಬೆಯ ತುದಿಯನ್ನು ಉದ್ದಕ್ಕೆ ಸೀಳಬೇಕು. ದೇವಕಣಗಿಲೆ, ನಂದಿಬಟ್ಟಲುಗಳಂತೆ ಹಾಲು ಸುರಿಸುವ ಗಿಡಗಳ ತುದಿಯನ್ನು ಕೆಲವು ಕ್ಷಣ ಬಿಸಿನೀರಿನಲ್ಲಿ ಅದ್ದಿದರೆ ಹಾಲು ನಿಲ್ಲುತ್ತದೆ. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ತೆಗೆದುಹಾಕಿ, ದಿನವೂ ಹೊಸ ನೀರನ್ನು ಹಾಕಬೇಕು. ದಾಸವಾಳವು ನೀರಿದ್ದರೂ ಇಲ್ಲದಿದ್ದರೂ ಸಂಜೆಗೆ ಮುಚ್ಚಿಕೊಳ್ಳುವ ಹೂವಾದುದರಿಂದ ಅದನ್ನು ನಂಬಿ ಎರಡು ದಿನದ ಸಮಾರಂಭಕ್ಕೆ ಅಲಂಕಾರ ಮಾಡಬಾರದು. ಕಣಗಿಲೆಯ ವಿಷಯದಲ್ಲಿ ತಾಯಂದಿರಿಗೆ ಒಂದು ಮಾತು: ಅದರ ಹೂ, ಎಲೆ, ಕಡ್ಡಿ ಎಲ್ಲವೂ ವಿಷ. ಎಳೆಯ ಮಕ್ಕಳಿರುವ ಮನೆಯಲ್ಲಿ ಅದನ್ನು ಬೋಗುಣಿಗೆ ತರಲೇಬೇಡಿರಿ. ಕತ್ತರಿಸಿದವರು ಕೈ ತೊಳೆಯದೆ ಊಟಕ್ಕೆ ಕುಳಿತುಕೊಳ್ಳಬೇಡಿರಿ.

ಹೂವು ದೇವರಿಗೋ ಮುಡಿಗೋ ಸಲ್ಲಬೇಕಲ್ಲದೆ ಬೋಗುಣಿಯಲ್ಲಿಟ್ಟು ನೋಡುವುದು ವ್ಯರ್ಥವಲ್ಲವೇ ಎಂದು ಪೋಷಕರು ಕೆಲವರು ನಮ್ಮನ್ನು ಕೇಳಿದ್ದಾರೆ. ಇದಕ್ಕೆ ನಮ್ಮ ಉತ್ತರಕ್ಕಿಂತ ನಮ್ಮ ಒಬ್ಬ ಹಳೆಯ ವಿದ್ಯಾರ್ಥಿನಿಯ ಕಾಗದವು ಮೇಲು. ಆಕೆಯು ಚಿಕ್ಕ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡಳು. ಆ ಮನೆಯ ಹಿರಿಯರ ಪದ್ಧತಿಯಂತೆ ಹೂ ಮುಡಿಯುವುದು ನಿಂತಿತು; ಹೂ ಬಿಡಿಸುವುದೂ ಕ್ರಮೇಣ ನಿಂತುಹೋಯಿತು. ಹಿತ್ತಲಿನಲ್ಲಿ ಆಕೆಯೇ ನೆಟ್ಟಿದ್ದ ಸುಗಂಧರಾಜವು ಅರಳಿ ಅರಳಿ ನೆಲಕ್ಕೆ ಬೀಳುತ್ತಿತ್ತು. ಒಂದು ಮುಂಜಾನೆ, ತರಗತಿಯಲ್ಲಿ ಕಲಿತದ್ದು ನೆನಪಾಗಿ, ಬಿದಿರಿನ ಒಂದು ಕಡ್ಡಿಯನ್ನೂ ಸುಗಂಧರಾಜದ ಒಂದು ದಂಟನ್ನೂ ತಂಬಿಗೆಯಲ್ಲಿ ಇರಿಸಿ ಅಡಿಗೆಮನೆಯ ಕಿಟಕಿಯಲ್ಲಿಟ್ಟಳಂತೆ. ಅತ್ತೆಯವರು ಮೊದಲನೆಯ ದಿನ ನೋಡಿ ಏನೂ ಹೇಳಲಿಲ್ಲ. ಎರಡನೆಯ ದಿನವೂ ಹೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ, "ಹೂವಿನ ನೀರು ಬದಲಿ ಮಾಡಿದೆಯೇನಮ್ಮಾ?" ಎಂದು ಕೇಳಿದರಂತೆ. ಈ ಕಾಗದವನ್ನು ಆಕೆಯ ಅಪ್ಪಣೆಯನ್ನು ಪಡೆದು ಇಲ್ಲಿ ಪ್ರಸ್ತಾಪಿಸಿದ್ದೇವೆ.

ಈ ವರುಷದ ಪೂರ್ವವಿದ್ಯಾರ್ಥಿನಿಯರ ದಿನದಂದು ಸಭಾಂಗಣದ ಗೋಡೆಯ ಪಕ್ಕದಲ್ಲಿ ಉದ್ದನೆಯ ಮೇಜುಗಳನ್ನು ಹಾಕಿಸಲಿದ್ದೇವೆ. ಬೋಗುಣಿಗಳೂ ಕತ್ತರಿಗಳೂ ಬಾಳೆಯ ಬಿಲ್ಲೆಗಳೂ ಶಾಲೆಯಲ್ಲೇ ಇರುತ್ತವೆ. ಬರುವವರು ತಮ್ಮ ಮನೆಯ ಸುತ್ತಮುತ್ತಲಿನಿಂದ ಒಂದೇ ಒಂದು ಕೊಂಬೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬರಬೇಕಾಗಿ ಕೋರುತ್ತೇವೆ. ಕ್ರಯಕ್ಕೆ ಕೊಂಡ ಹೂಗಳನ್ನು ದಯವಿಟ್ಟು ತರಬೇಡಿರಿ. ಜಾಲಿಯನ್ನು ತರತಕ್ಕವರು ಕೈಯಲ್ಲಿ ಹಿಡಿಯುವ ಕಡೆಯ ಮುಳ್ಳುಗಳನ್ನು ಮಾತ್ರ ಕತ್ತರಿಸಿಕೊಂಡು ಬರಲಿ. ಬಸ್ಸಿನಲ್ಲಿ ಪಕ್ಕದವರಿಗೆ ತೊಂದರೆಯಾಗಬಾರದಷ್ಟೆ.